ಹತ್ತು ನ್ಯಾನೊಸೆಕೆಂಡಿನ ಹದ

ಬಿಡಿಭಾಗಗಳನ್ನು ಮನೆಯಲ್ಲೇ ಜೋಡಿಸಿದ, ಪೇಟೆಯ ಮಾತಿನಲ್ಲಿ ‘ಅಸೆಂಬಲ್ಡ್’ ಎನ್ನಿಸಿಕೊಳ್ಳುವ ಕಂಪ್ಯೂಟರನ್ನು ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಅದರಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವುದು ರ‍್ಯಾಮಿನ ಟೈಮಿಂಗ್ ಹೊಂದಿಸುವ ಕೆಲಸ. ಇದರ ಬೇರು ಮಾತ್ರ ಹವ್ಯಾಸಿಗಳಿಗಿಂತ ಬಹಳ ಹಳೆಯದು. ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ಸ್ಮರಣಕೋಶದಲ್ಲಿ ಇರುವುದು ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ಕೆಪಾಸಿಟರ್; ಕೆಪಾಸಿಟರಿನಲ್ಲಿ ತುಂಬಿದ ವಿದ್ಯುದಾವೇಶ ತೂತುಬಿದ್ದ ಕೊಡದ ನೀರಿನಂತೆ ಸೋರುತ್ತಲೇ ಇರುವುದರಿಂದ ಅದನ್ನು ಪದೇ ಪದೇ ತುಂಬಬೇಕಾಗುತ್ತದೆ, ಈ ಮರುತುಂಬುವಿಕೆಯೇ ರಿಫ್ರೆಶ್. 1973ರಲ್ಲಿ ಅಮೆರಿಕದ ಮೋಸ್ಟೆಕ್ ಕಂಪನಿಯು 4,096 ಬಿಟ್‌ಗಳ ಚಿಪ್ಪನ್ನು 16 ಕಾಲುಗಳಲ್ಲೇ ಮುಗಿಸಲು, ಕೋಶದ ವಿಳಾಸವನ್ನು ಮೊದಲು ಅಡ್ಡಸಾಲು, ಆಮೇಲೆ ಕಂಬಸಾಲು ಎಂದು ಎರಡು ಕಂತಿನಲ್ಲಿ ಕಳಿಸುವ ಪದ್ಧತಿ ತಂದಿತು. ಇಂದಿನ ಟೈಮಿಂಗ್ ಅಂಕಿಗಳಲ್ಲಿ ಬಹುಪಾಲು ಹುಟ್ಟಿದ್ದು ಕಾಲು ಉಳಿಸುವ ಆ ಜಿಪುಣತನದಿಂದ ಎನ್ನಬಹುದು.

ರ‍್ಯಾಮ್ ಪಟ್ಟಿಯ ಚೀಟಿಯ ಮೇಲೆ 16-18-18-38 ಎಂದಿದ್ದರೆ, ಕಂಬಸಾಲನ್ನು ಕೇಳಿದ ಮೇಲೆ ಮಾಹಿತಿ ಹೊರಬರಲು 16, ಅಡ್ಡಸಾಲು ತೆರೆದು ಕಂಬಸಾಲನ್ನು ಕೇಳುವ ಮೊದಲು 18, ತೆರೆದ ಸಾಲನ್ನು ಮುಚ್ಚಿ ಮುಂದಿನದಕ್ಕೆ ಅಣಿಯಾಗಲು 18, ಒಂದು ಸಾಲು ಕನಿಷ್ಠ ತೆರೆದಿರಬೇಕಾದ ಅವಧಿ 38 ಗಡಿಯಾರ ಮಿಡಿತಗಳು ಎಂದು ಅರ್ಥ. ತಯಾರಕರ ಅಂಕಿಗಳು ಪಟ್ಟಿಯ ಮೇಲಿನ ಎಸ್‌ಪಿಡಿ ಎಂಬ ಪುಟ್ಟ ಚಿಪ್ಪಿನಲ್ಲಿರುತ್ತವೆ. ಯಂತ್ರ ಎಚ್ಚರಗೊಳ್ಳುವಾಗ ಬಯಾಸ್ ಅವನ್ನು ಓದಿಕೊಳ್ಳುತ್ತದೆ, ಹವ್ಯಾಸಿ ಅವನ್ನು ಒಂದೊಂದಾಗಿ ಇಳಿಸುತ್ತಾನೆ.

1998ರಲ್ಲಿ ಇಂಟೆಲ್‌ನ ಸೆಲೆರಾನ್ 300ಎ ಪ್ರೊಸೆಸರಿನ ಮಾರ್ಗವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ ಅದು 450ರಲ್ಲಿ ಓಡಬಲ್ಲದೆಂದು ತಿಳಿದಾಗ ಈ ಹವ್ಯಾಸ ಜನಪ್ರಿಯವಾಯಿತು, ಜೊತೆಗೆ ರ‍್ಯಾಮ್ ಕೂಡ 100ಕ್ಕೆ ತಾಳಬೇಕಾಯಿತು. ಒಂದು ಮಿಡಿತಕ್ಕೆ ಎರಡು ಬಾರಿ ಮಾಹಿತಿ ಸಾಗಿಸುವ ಡಿಡಿಆರ್ ಸ್ಮರಣೆಯ ಕಾಲದಲ್ಲಿ ವಿನ್‌ಬಾಂಡ್ ಕಂಪನಿಯ ಬಿಎಚ್-5 ಚಿಪ್ಪುಗಳು ಹೆಚ್ಚಿನ ವೋಲ್ಟೇಜಿಗೆ 2-2-2ರಲ್ಲಿ ನಿಲ್ಲುತ್ತಿದ್ದುದರಿಂದ ದಂತಕಥೆಯಾದವು. 2007ರಲ್ಲಿ ಇಂಟೆಲ್ ಎಕ್ಸ್‌ಎಂಪಿ ತಂದು, ಪರೀಕ್ಷಿಸಿದ ವೇಗದ ಅಂಕಿಗಳನ್ನೇ ಪಟ್ಟಿಯಲ್ಲಿ ಬರೆದಿಟ್ಟು ಒಂದು ಆಯ್ಕೆಯಲ್ಲಿ ದೊರಕುವಂತೆ ಮಾಡಿತು. ಕೈಕಸಬು ಅರ್ಧ ಅಲ್ಲಿಗೆ ಮುಗಿಯಿತು.

ಅಂಕಿಗಳು ಮೋಸ ಮಾಡುತ್ತವೆ. ಮೊದಲ ಅಂಕಿಯನ್ನೇ ನೋಡಿ: ಡಿಡಿಆರ್-400ರ 2, ಡಿಡಿಆರ್4-3200ರ 16, ಡಿಡಿಆರ್5-6000ರ 30, ಇವನ್ನು ಆಯಾ ಗಡಿಯಾರದ 200, 1600, 3000 ಮೆಗಾಹರ್ಟ್ಸ್‌ಗಳಿಂದ ಭಾಗಿಸಿದರೆ ಮೂರರಲ್ಲೂ ಬರುವುದು ಸರಿಯಾಗಿ 10 ನ್ಯಾನೊಸೆಕೆಂಡು. ಒಮ್ಮೆಗೆ ಸಾಗುವ ಮಾಹಿತಿ ಎಷ್ಟೋ ಪಟ್ಟು ಬೆಳೆದರೂ ಮೊದಲ ತುತ್ತಿಗಾಗಿ ಕಾಯುವ ಹೊತ್ತು ಎರಡು ದಶಕಗಳಲ್ಲಿ ಕದಲಿಲ್ಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಬ್ಬಿನ ಸೀಮೆಯಲ್ಲಿ ಟೈಮಿಂಗ್ ಹೊಂದಿಸುವ ಈ ಕಸುಬನ್ನು ವಿವರಿಸಲು ಗಾಣದ ಮನೆಯೇ ಸಾಕು. ಅಲ್ಲಿ ಕೊಪ್ಪರಿಗೆಯ ಪಾಕವನ್ನು ಇಳಿಸುವ ಹೊತ್ತನ್ನು ಗಡಿಯಾರ ನೋಡಿ ನಿಶ್ಚಯಿಸುವುದಿಲ್ಲ. ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆಕಟ್ಟಿ ನೋಡಿ, ಹದ ಬಂತೆಂದು ಹೇಳುತ್ತಾರೆ, ಕಬ್ಬು ಬದಲಾದರೆ ಹದದ ಹೊತ್ತೂ ಬದಲಾಗುತ್ತದೆ. ಒಂದೇ ಕಾರ್ಖಾನೆಯ ಎರಡು ಚಿಪ್ಪುಗಳೂ ಹಾಗೆಯೇ, ಒಂದು 14ರಲ್ಲಿ ನಿಂತರೆ ಇನ್ನೊಂದು 16ಕ್ಕೂ ತಡವರಿಸುತ್ತದೆ. ತಣ್ಣೀರಿನ ಹನಿಯ ಬದಲು ಇಲ್ಲಿ ಮೆಮ್‌ಟೆಸ್ಟ್ ಎಂಬ ಪರೀಕ್ಷಾ ತಂತ್ರಾಂಶವನ್ನು ಗಂಟೆಗಟ್ಟಲೆ ಓಡಿಸಿ, ಒಂದು ದೋಷ ಕಂಡರೂ ಅಂಕಿಯನ್ನು ಸಡಿಲಿಸಬೇಕಾಗುತ್ತದೆ. ಯಂತ್ರ ಏಳದೇ ಹೋದರೆ ಮದರ್‌ಬೋರ್ಡಿನ ನಾಣ್ಯದಂಥ ಸಿಆರ್2032 ಬ್ಯಾಟರಿ ತೆಗೆದು ಹಳೆಯ ಅಂಕಿಗಳಿಗೆ ಮರಳುವುದು ಒಂದು ದಾರಿ.

ಈ ಬಯಲುಸೀಮೆಗೆ ಇನ್ನೊಂದು ಲೆಕ್ಕವೂ ಸೇರುತ್ತದೆ. ಕಾವು ಏರಿದಷ್ಟೂ ಕೋಶ ಬೇಗ ಸೋರುವುದರಿಂದ, 64 ಮಿಲಿಸೆಕೆಂಡಿಗೊಮ್ಮೆ ಆಗಬೇಕಾದ ರಿಫ್ರೆಶ್ ಅನ್ನು ಚಿಪ್ಪು 85 ಡಿಗ್ರಿ ದಾಟಿದಾಗ 32ಕ್ಕೆ ಇಳಿಸಬೇಕೆಂದು ಡಿಡಿಆರ್4 ಮಾನದಂಡವೇ ಹೇಳುತ್ತದೆ. ಆದ್ದರಿಂದ ಡಿಸೆಂಬರ್ ರಾತ್ರಿಯಲ್ಲಿ ಅಥಣಿಯಲ್ಲಿ ಹೊಂದಿಸಿದ ಟೈಮಿಂಗನ್ನು ಮೇ ತಿಂಗಳ ಮಧ್ಯಾಹ್ನ ಇನ್ನೊಮ್ಮೆ ಪರೀಕ್ಷಿಸದೆ ನಂಬಬಾರದು.