ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಅಪರೂಪದ ಆರ್ಪೆಜಿಯೊಗಳು

ಆರ್ಪೆಜಿಯೊ ಎಂದರೆ ಒಂದು ಕಾರ್ಡ್‌ಗೆ ಸೇರಿದ ಸ್ವರಗಳನ್ನು ಏಕಕಾಲಕ್ಕೆ ಮೀಟದೆ, ಒಂದಾದ ಮೇಲೊಂದರಂತೆ ಬಿಡಿಯಾಗಿ ನುಡಿಸುವ ಕ್ರಮ. ಹಾರ್ಪ್ ವಾದ್ಯಕ್ಕಿರುವ 'ಆರ್ಪಾ' ಎಂಬ ಇಟಾಲಿಯನ್ ಹೆಸರಿನಿಂದ ಈ ಪದ ಹುಟ್ಟಿದೆ. ಗಿಟಾರ್ ಪಾಠಗಳಲ್ಲಿ ಮೊದಲು ಬರುವವು ಮೇಜರ್, ಮೈನರ್ ಮತ್ತು ಸಾಮಾನ್ಯ ಸೆವೆಂತ್ ಆರ್ಪೆಜಿಯೊಗಳು. ಐದನೆಯ ಸ್ವರವನ್ನು ಅರ್ಧ ಅಂತರ ಏರಿಸಿದ ಅಥವಾ ಇಳಿಸಿದ, ಇಲ್ಲವೇ ಮೈನರ್ ಕಾರ್ಡ್‌ಗೆ ಮೇಜರ್ ಸೆವೆಂತ್ ಸೇರಿಸಿದ ರೂಪಗಳನ್ನು ಅಪರೂಪದವೆಂದು ಪರಿಗಣಿಸಲಾಗುತ್ತದೆ. ಇವು ಕಷ್ಟದವು ಎಂಬ ಭಾವನೆ ವ್ಯಾಪಕವಾಗಿದ್ದರೂ, ಕರ್ನಾಟಕ ಸಂಗೀತದ ಸರಳೆವರಸೆ ಕಲಿತವರು ಈ ಸ್ವರಗುಂಪುಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಆಗಲೇ ಹಾಡಿರುತ್ತಾರೆ.

ಹಿನ್ನೆಲೆ

ಸರಳೆ, ಜಂಟಿ, ಅಲಂಕಾರ ಮೊದಲಾದ ಆರಂಭಿಕ ಪಾಠಗಳನ್ನು ಮಾಯಾಮಾಳವಗೌಳದಲ್ಲಿ ಅಳವಡಿಸಿದ ಕೀರ್ತಿಯನ್ನು ಪರಂಪರೆಯು ಪುರಂದರದಾಸರಿಗೆ ಸಲ್ಲಿಸುತ್ತದೆ. ಪುರಂದರದಾಸರ ಗುರುಗಳು ವ್ಯಾಸತೀರ್ಥರು. ಅವರು ವಿದ್ಯಾಭ್ಯಾಸ ಮಾಡಿದ್ದು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ, 15ನೇ ಶತಮಾನದ ಶ್ರೀಪಾದರಾಜರ ಬಳಿ. ಶ್ರೀಪಾದರಾಜರ ಬೃಂದಾವನವು ಮುಳಬಾಗಿಲಿನ ಸಮೀಪದ ನರಸಿಂಹತೀರ್ಥದಲ್ಲಿದೆ. ಹೀಗಾಗಿ ಇಂದಿಗೂ ಮಕ್ಕಳು ಮೊದಲು ಹಾಡುವ ಪಾಠಗಳ ಗುರುಪರಂಪರೆ ಈ ಊರಿನವರೆಗೆ ಹೋಗುತ್ತದೆ.

ಮಾಯಾಮಾಳವಗೌಳವು 15ನೇ ಮೇಳಕರ್ತ. ಪಾಶ್ಚಾತ್ಯ ಸಂಗೀತದಲ್ಲಿ ಇದೇ ಸ್ವರಸ್ಥಾನಗಳ ಸಪ್ತಕಕ್ಕೆ ಡಬಲ್ ಹಾರ್ಮೋನಿಕ್ ಎಂಬ ಹೆಸರಿದೆ. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಇದರ ಅತಿ ಪ್ರಸಿದ್ಧ ಉದಾಹರಣೆ ಡಿಕ್ ಡೇಲ್ 1962ರಲ್ಲಿ ನುಡಿಸಿದ 'ಮಿಸಿರ್ಲೂ'. ಪೂರ್ವ ಮೆಡಿಟರೇನಿಯನ್ ಪ್ರದೇಶದ ಹಳೆಯ ಧಾಟಿಯೊಂದನ್ನು ಅವರು ಅತಿವೇಗದ ಮೀಟಿನಲ್ಲಿ ನುಡಿಸಿದ್ದರು.

ರಾಗದ ಸ್ವರಗಳಿಂದ ದೊರೆಯುವ ಕಾರ್ಡ್‌ಗಳು

ದಾಟುವರಸೆಯಲ್ಲಿ ಪಕ್ಕದ ಸ್ವರವನ್ನು ಬಿಟ್ಟು ಮುಂದಿನದಕ್ಕೆ ಜಿಗಿಯುವುದು ಅಭ್ಯಾಸ. ಆ ಜಿಗಿತವನ್ನೇ ಒಂದರ ಮೇಲೊಂದು ಪೇರಿಸಿ ನಾಲ್ಕು ಸ್ವರ ತೆಗೆದುಕೊಂಡರೆ ಆರ್ಪೆಜಿಯೊ ಸಿದ್ಧವಾಗುತ್ತದೆ. ಸ-ಗ-ಪ-ನಿ ಹಾಗೂ ರಿ-ಮ-ದ-ಸ ಎರಡೂ ಮೇಜರ್ ಸೆವೆಂತ್. ಇವುಗಳಲ್ಲಿ ವಿಶೇಷವಿಲ್ಲ, ಆದರೆ ಎರಡೂ ಒಂದೇ ಫ್ರೆಟ್‌ನ ಅಂತರದಲ್ಲಿ ಕುಳಿತಿರುವುದು ಗಮನಾರ್ಹ. ಮ-ದ-ಸ-ಗ ನುಡಿಸಿದರೆ ಮೈನರ್ ಕಾರ್ಡ್‌ನ ಮೇಲೆ ಮೇಜರ್ ಸೆವೆಂತ್ ಬರುತ್ತದೆ. ಪ-ನಿ-ರಿ-ಮ ಎಂಬುದು ಐದನೆಯ ಸ್ವರ ಇಳಿದ ಡಾಮಿನೆಂಟ್ ಸೆವೆಂತ್. ದ-ಸ-ಗ-ಪ ಎಂಬುದು ಐದನೆಯ ಸ್ವರ ಏರಿದ ಆಗ್ಮೆಂಟೆಡ್ ಮೇಜರ್ ಸೆವೆಂತ್. ಗ-ಪ-ನಿ-ರಿ ಕಿವಿಗೆ ಮೈನರ್ ಸಿಕ್ಸ್ತ್ ಆಗಿ ಕೇಳಿಸುತ್ತದೆ. ನಿ-ರಿ-ಮ-ದ ಅಂತೂ ವಾಸ್ತವದಲ್ಲಿ ರಿಷಭದಿಂದ ಎಣಿಸಿದ ಡಾಮಿನೆಂಟ್ ಸೆವೆಂತ್; ಅದರ ಏಳನೆಯ ಸ್ವರ ಕೆಳಗೆ ಬಂದಿದೆ, ಅಷ್ಟೆ.

ಅಭ್ಯಾಸ ಕ್ರಮ

ಗಿಟಾರ್‌ನಲ್ಲಿ ಒಂದು ಫ್ರೆಟ್ ಎಂದರೆ ಒಂದು ಸ್ವರಸ್ಥಾನ. ಸಾಮಾನ್ಯ ಶ್ರುತಿಯಲ್ಲಿ ಅಕ್ಕಪಕ್ಕದ ತಂತಿಗಳ ನಡುವೆ ಐದು ಫ್ರೆಟ್‌ಗಳ ಅಂತರವಿದ್ದು, ಮೂರನೆಯ ಮತ್ತು ಎರಡನೆಯ ತಂತಿಗಳ ನಡುವೆ ಮಾತ್ರ ನಾಲ್ಕು ಇರುತ್ತದೆ. ಕಲಿಯುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಐದನೆಯ ತಂತಿಯ 5ನೇ ಫ್ರೆಟ್‌ನಲ್ಲಿರುವ ಡಿ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ, ದ-ಸ-ಗ-ಪ ಆರ್ಪೆಜಿಯೊ ಆರನೆಯ ತಂತಿಯ 6, ಐದನೆಯ ತಂತಿಯ 5, ನಾಲ್ಕನೆಯ ತಂತಿಯ 4 ಮತ್ತು ಮೂರನೆಯ ತಂತಿಯ 2ನೇ ಫ್ರೆಟ್‌ಗಳಲ್ಲಿ ಬರುತ್ತದೆ. ತಂತಿಗೊಂದೇ ಸ್ವರ ಇರುವುದರಿಂದ ಪಿಕ್ಕನ್ನು ಎತ್ತದೆ ಒಂದೇ ದಿಕ್ಕಿನಲ್ಲಿ ಜಾರಿಸಬಹುದು. ಸ್ವೀಪ್ ಪಿಕಿಂಗ್ ಎಂದು ಕರೆಯುವ ಈ ವಿಧಾನವನ್ನು 1980ರ ದಶಕದಲ್ಲಿ ಫ್ರಾಂಕ್ ಗ್ಯಾಂಬಾಲೆ ಮೊದಲಾದವರು ಬೆಳೆಸಿದರು. ಪ್ರತಿ ಸ್ವರ ನುಡಿದ ಕೂಡಲೇ ಎಡಗೈ ಬೆರಳಿನ ಒತ್ತಡ ಸಡಿಲವಾಗಬೇಕು. ಇಲ್ಲವಾದರೆ ನಾಲ್ಕೂ ಸ್ವರಗಳು ಕೂಡಿಕೊಂಡು ಮತ್ತೆ ಕಾರ್ಡ್ ಆಗಿಬಿಡುತ್ತದೆ. ಆಂಪ್ಲಿಫೈಯರ್‌ನಲ್ಲಿ ಡಿಸ್ಟಾರ್ಷನ್ ಹಾಕಿದಾಗ ಈ ದೋಷ ಇನ್ನಷ್ಟು ಎದ್ದು ಕಾಣುತ್ತದೆ.

ಮೊದಲು ಸ್ವರ ಹೇಳಿಕೊಂಡು ಹಾಡಿ, ಶ್ರುತಿಪೆಟ್ಟಿಗೆಯ ಜೊತೆಗೆ ವಿಳಂಬದಲ್ಲಿ ನುಡಿಸಿ, ಆಮೇಲೆ ಎರಡು ಮತ್ತು ಮೂರನೆಯ ಕಾಲಗಳಿಗೆ ಹೋಗುವುದು ಸರಳೆವರಸೆಯ ಕ್ರಮವೇ. ಫ್ರೆಟ್‌ಬೋರ್ಡಿನ ಚಿತ್ರವನ್ನು ಮಾತ್ರ ನೆನಪಿಟ್ಟವರಿಗೆ ಷಡ್ಜ ಬದಲಾದಾಗ ದಾರಿ ತಪ್ಪುವ ಸಂಭವ ಹೆಚ್ಚು.

ಆರ್ಪೆಜಿಯೊವನ್ನು ಹೋಲುವ ರಾಗಗಳು

ಎಂ. ಬಾಲಮುರಳಿಕೃಷ್ಣ ರೂಪಿಸಿದ ಮಹತಿ ರಾಗದಲ್ಲಿ ಷಡ್ಜ, ಅಂತರಗಾಂಧಾರ, ಪಂಚಮ, ಕೈಶಿಕಿನಿಷಾದ ಎಂಬ ನಾಲ್ಕೇ ಸ್ವರಗಳಿದ್ದು, ಅದು ಡಾಮಿನೆಂಟ್ ಸೆವೆಂತ್ ಆರ್ಪೆಜಿಯೊಗೆ ಸಮ. ಅವರದೇ ಲವಂಗಿಯ ಸ್ವರಗಳು ಮೇಲೆ ಹೇಳಿದ ರಿ-ಮ-ದ-ಸ ಗುಂಪು. ಷಡ್ಜವೇ ಆಧಾರವಾಗಿ ನಿಲ್ಲುವುದರಿಂದ ಇಲ್ಲಿ ಮೇಜರ್ ಸೆವೆಂತ್‌ನ ಪರಿಚಿತ ಬಣ್ಣ ಕಾಣಿಸುವುದಿಲ್ಲ. ಹಂಸಧ್ವನಿಯ ಐದು ಸ್ವರಗಳನ್ನು ಸ-ಗ-ಪ-ನಿ-ರಿ ಎಂದು ಜೋಡಿಸಿದರೆ ಮೇಜರ್ ನೈನ್ತ್ ಸಿಗುತ್ತದೆ. ಮೋಹನವನ್ನು ಗ-ದ-ರಿ-ಪ-ಸ ಎಂದು ಮೇಲಕ್ಕೆ ಪೇರಿಸಿದರೆ ಪ್ರತಿ ಹೆಜ್ಜೆಯೂ ಐದು ಫ್ರೆಟ್‌ಗಳ ಸಮಾನ ಅಂತರದ್ದಾಗಿ, ಜಾಝ್ ವಾದಕರು ಬಳಸುವ ಕ್ವಾರ್ಟಲ್ ಆರ್ಪೆಜಿಯೊ ಆಗುತ್ತದೆ.

ಮಿತಿಗಳು

ಆರ್ಪೆಜಿಯೊ ರಾಗವಲ್ಲ. ಮಾಯಾಮಾಳವಗೌಳದ ರಿಷಭ, ಧೈವತಗಳಿಗೆ ಗಮಕ ಬೇಕು. ತಂತಿಗೊಂದು ಸ್ವರದಂತೆ ಪಿಕ್ ಜಾರಿಸುವಾಗ ಅದಕ್ಕೆ ಅವಕಾಶವಿರುವುದಿಲ್ಲ. ಈ ಕೊರತೆ ನೀಗಲು ಜಾನ್ ಮೆಕ್‌ಲಾಫ್ಲಿನ್ 1970ರ ದಶಕದ ಶಕ್ತಿ ತಂಡದಲ್ಲಿ ಫ್ರೆಟ್‌ಗಳ ನಡುವಣ ಮರವನ್ನು ಕೊರೆದು ತಗ್ಗು ಮಾಡಿದ ಅಕೂಸ್ಟಿಕ್ ಗಿಟಾರ್ ಬಳಸಿದರು. ಅದರಲ್ಲಿ ತಂತಿಯನ್ನು ವೀಣೆಯಂತೆ ಎಳೆಯಬಹುದು. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಕರ್ನಾಟಕ ಸಂಗೀತ ಕಛೇರಿಗಳನ್ನು ನಡೆಸುವ ತಮಿಳುನಾಡು ಮೂಲದ ಆರ್. ಪ್ರಸನ್ನ ಜಾಝ್ ಸಂಗೀತವನ್ನೂ ನುಡಿಸುತ್ತಾರೆ.