ರಕ್ತಾತಿಸಾರ: ಒಂದು ಹೆಸರು, ಎರಡು ವ್ಯಾಧಿಗಳು

ಪೂರ್ವಿಕರು ವ್ಯಾಧಿಗಳಿಗಿತ್ತ ಹೆಸರುಗಳು ಬಹುಮಟ್ಟಿಗೆ ಲಕ್ಷಣವನ್ನು ಅನುಸರಿಸಿದವು. ಸಂಸ್ಕೃತ ವೈದ್ಯಗ್ರಂಥಗಳ ‘ರಕ್ತಾತಿಸಾರ’, ಕನ್ನಡದ ‘ರಕ್ತಭೇದಿ’, ಕೆಂಪುಭೇದಿಯೆಂಬರ್ಥವುಳ್ಳ ಜಪಾನೀಯರ ‘ಸೆಕಿರಿ’ ಇವೆಲ್ಲವೂ ಕಣ್ಣಿಗೆ ಕಂಡ ನೆತ್ತರಿನಿಂದ ಹುಟ್ಟಿದ ಮಾತುಗಳು. ಕಾರಣದಲ್ಲಿ ಭಿನ್ನವಾದ ಎರಡು ರೋಗಗಳು ಇಂತಹ ಒಂದೇ ಹೆಸರಿನ ಮರೆಯಲ್ಲಿ ಬಹುಕಾಲ ಅಡಗಿದ್ದುವು.

1875ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಲ್ಯೋಷ್ ಎಂಬ ವೈದ್ಯನು ರೋಗಿಯೊಬ್ಬನ ಮಲದಲ್ಲಿ ಅಮೀಬವೆಂಬ ಸೂಕ್ಷ್ಮಪ್ರಾಣಿಯನ್ನು ಕಂಡನು. ರಕ್ತಭೇದಿಗೆ ಅದೇ ಕಾರಣವೆಂಬ ಪಕ್ಷವು ತರುವಾಯ ಬಲಗೊಂಡಿತು. ಆದರೆ 1897ರಲ್ಲಿ ಜಪಾನಿನಲ್ಲಿ ಹಬ್ಬಿದ ಸೆಕಿರಿಯು ಬೇರೊಂದು ಬಗೆಯದು. ಸುಮಾರು 90,000 ಜನರು ಅದಕ್ಕೆ ತುತ್ತಾದರು. ಅವರಲ್ಲಿ ಐದನೆಯ ಒಂದು ಪಾಲಿಗೂ ಮಿಕ್ಕಿ ಮಡಿದರು. ಹಿಂದಿನ ವರ್ಷವಷ್ಟೇ ವೈದ್ಯಪದವಿಯನ್ನು ಪಡೆದು ಟೋಕಿಯೋದಲ್ಲಿ ಕಿತಸಾಟೋವಿನ ಸಂಶೋಧನಾಲಯವನ್ನು ಸೇರಿದ್ದ ಕಿಯೋಷಿ ಶಿಗಾ ಎಂಬ ತರುಣನು ಇದರ ಶೋಧಕ್ಕೆ ತೊಡಗಿದನು.

ಕರುಳಿನಲ್ಲಿ ನಿರಪಾಯಕರವಾದ ಅಣುಜೀವಿಗಳೂ ಅಸಂಖ್ಯವಾಗಿರುವುದರಿಂದ, ಅಪರಾಧಿಯಾವುದೆಂದು ಗೊತ್ತುಹಚ್ಚುವುದೇ ಇಲ್ಲಿಯ ತೊಡಕು. ರೋಗಿಯ ರಕ್ತದ್ರವವು ತನ್ನ ರೋಗಕ್ಕೆ ಕಾರಣವಾದ ಅಣುಜೀವಿಗಳನ್ನು ಗುಂಪುಗೂಡಿಸುವುದೆಂಬುದನ್ನು ವಿದಾಲನು 1896ರಲ್ಲಿ ವಿಷಮಶೀತಜ್ವರದ ವಿಷಯದಲ್ಲಿ ಉಪಯೋಗಕ್ಕೆ ತಂದಿದ್ದನು. ಶಿಗಾ ಆ ಕ್ರಮವನ್ನೇ ಹಿಡಿದು, 36 ರೋಗಿಗಳನ್ನು ಪರೀಕ್ಷಿಸಿ, ಅವರ ರಕ್ತದ್ರವದಲ್ಲಿ ಗುಂಪುಗೂಡುವ ದಂಡಾಣುವನ್ನು ಬೇರ್ಪಡಿಸಿದನು. ಹೊರಬಿದ್ದ ನೆತ್ತರು ಮರೆಮಾಡಿದ್ದುದನ್ನು ಒಳಗಿನ ನೆತ್ತರೇ ಬಯಲುಮಾಡಿತೆನ್ನಬಹುದು! ಈ ಕುಲಕ್ಕೆ ಅವನ ಹೆಸರಿನಿಂದಲೇ ‘ಶಿಗೆಲ್ಲ’ ಎಂಬ ನಾಮವು ಬಂದಿದೆ.

ಇದು ಹರಡುವ ಬಗೆಯು ವಿಶೇಷವಾಗಿ ಗಮನಿಸತಕ್ಕದ್ದು. ಜಠರದ ಆಮ್ಲವನ್ನು ಈ ಅಣುಜೀವಿಯು ಬಹಳಮಟ್ಟಿಗೆ ಸಹಿಸಬಲ್ಲುದು. ಆದಕಾರಣ ಕಾಲರಾ ತಗಲಲು ಸಾಮಾನ್ಯವಾಗಿ ಲಕ್ಷಗಟ್ಟಲೆ ಅಣುಜೀವಿಗಳು ಬೇಕಾದರೆ, ಇಲ್ಲಿ ಹತ್ತರಿಂದ ನೂರರಷ್ಟು ಸಾಕು. ಮಲಿನವಾದ ನೀರೂ ಅನ್ನವೂ ನೊಣವೂ ಇದನ್ನು ಸಾಗಿಸುವುವು. ಅವಾವುವೂ ಇಲ್ಲದೆ, ರೋಗಿಯ ಶುಶ್ರೂಷೆಮಾಡಿ ಚೆನ್ನಾಗಿ ತೊಳೆಯದ ಕೈಯೊಂದೇ ಸಾಕಾಗುವುದೂ ಉಂಟು. ಇದರ ಸಹಜವಾದ ಆಶ್ರಯವು ಬಹುತೇಕ ಮನುಷ್ಯನೇ. ಸೇನಾಶಿಬಿರ, ಸೆರೆಮನೆ, ಇಕ್ಕಟ್ಟಾದ ವಸತಿ ಇವುಗಳಲ್ಲಿ ಇದು ಪ್ರಬಲಿಸುವುದು ಇದರಿಂದಲೇ.

ಹೆಸರಿನ ಗೊಂದಲವು ಕೇವಲ ಪಂಡಿತರ ಚರ್ಚೆಯಾಗಿರಲಿಲ್ಲ. 1912ರಲ್ಲಿ ಕಲ್ಕತ್ತೆಯ ಲಿಯೊನಾರ್ಡ್ ರಾಜರ್ಸನು ಎಮಿಟೀನ್ ಔಷಧವನ್ನು ಸೂಜಿಯ ಮೂಲಕ ಕೊಟ್ಟು ಅಮೀಬದ ಭೇದಿಯನ್ನು ಗುಣಪಡಿಸಿದನು. ದಂಡಾಣುವಿನ ಭೇದಿಗೆ ಅದು ನಿಷ್ಪ್ರಯೋಜಕ. ಎರಡನ್ನೂ ಒಂದೇ ಎಂದು ಬಗೆದ ವೈದ್ಯನ ಕೈಯಲ್ಲಿ ರೋಗಿಯ ಗತಿಯೇನೆಂಬುದನ್ನು ಊಹಿಸಬಹುದು.

ಎರಡನೆಯ ಮಹಾಯುದ್ಧದ ತರುವಾಯ ಜಪಾನಿನಲ್ಲಿ ಸಲ್ಫ ಔಷಧಗಳು ಈ ದಂಡಾಣುವಿನ ಮೇಲೆ ಪ್ರಯೋಗವಾದುವು; ಕೆಲವೇ ವರ್ಷಗಳಲ್ಲಿ ಅವುಗಳ ಬಲವು ಕುಂದಿತು. ಶಿಗಾ 1957ರಲ್ಲಿ ತೀರಿಕೊಂಡನು. ಔಷಧಗಳನ್ನು ಎದುರಿಸುವ ಶಕ್ತಿಯು ಕರುಳಿನ ಇತರ ಅಣುಜೀವಿಗಳಿಂದ ಶಿಗೆಲ್ಲಕ್ಕೂ ದಾಟಬಲ್ಲುದೆಂದು 1959ರಲ್ಲಿ ಅವನ ನಾಡಿನ ವಿಜ್ಞಾನಿಗಳೇ ತೋರಿಸಿದರು.