ಡೇಟಾಬೇಸ್ ಇದ್ದೂ ಪುಟ ತೆರೆಯದಾಗ

ಶಹಾಬಾದಿನ ಕಲ್ಲು ವ್ಯಾಪಾರಿಯ ದಾಸ್ತಾನಿನ ಪುಟವಿರಲಿ, ಸೇಡಂನ ಕಾಲೇಜಿನ ಪ್ರವೇಶ ಅರ್ಜಿಯಿರಲಿ, ಇಂಥ ಸಣ್ಣ ಜಾಲತಾಣಗಳ ಹಿಂದೆ ಸಾಮಾನ್ಯವಾಗಿ ಕಾಣುವ ಸರಂಜಾಮು ಒಂದೇ: ಲಿನಕ್ಸ್ ಸರ್ವರ್, ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಅಥವಾ ಅದರಿಂದ ಕವಲೊಡೆದ ಮರಿಯಾಡಿಬಿ. ಸರ್ವರ್ ಅಪ್‌ಗ್ರೇಡ್ ಆದ ಮರುದಿನ ಪುಟ ಖಾಲಿಯಾಗಿ ನಿಲ್ಲುತ್ತದೆ. ಡೇಟಾಬೇಸ್ ಓಡುತ್ತಿದೆ, ಪಾಸ್‌ವರ್ಡ್ ಸರಿಯಿದೆ. ಆದರೂ ‘ಡ್ರೈವರ್ ಸಿಗಲಿಲ್ಲ’ ಎಂದು ಎರರ್ ಲಾಗ್ ಹೇಳುತ್ತದೆ. ಸರ್ವರ್ ನೋಡಿಕೊಳ್ಳುವವರು ಮರೆತರು ಎಂದು ದೂರುವುದು ವಾಡಿಕೆ. ಆದರೆ ಈ ದೋಷದ ಬೇರು ಬಹುಮಟ್ಟಿಗೆ ಮರೆವಿನಲ್ಲಿಲ್ಲ. ಭಾಷೆ ಕಟ್ಟಿದವರು, ಡೇಟಾಬೇಸ್ ಕಟ್ಟಿದವರು, ಲಿನಕ್ಸ್ ಹಂಚುವವರು ಬೇರೆ ಬೇರೆ ಕಾಲದಲ್ಲಿ ಕೈಗೊಂಡ ತೀರ್ಮಾನಗಳಲ್ಲಿದೆ. ಅವುಗಳಲ್ಲಿ ಯಾವುದು ತಗಲಿದೆ ಎಂದು ತಿಳಿಯದೆ ಮಾಡಿದ ರಿಪೇರಿ ಮುಂದಿನ ಅಪ್‌ಗ್ರೇಡ್‌ವರೆಗೂ ಬಾಳುವುದಿಲ್ಲ.

ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಹೊರತಂದ ಪಿಎಚ್‌ಪಿ, ನಾಲ್ಕನೆಯ ಆವೃತ್ತಿಯ ಹೊತ್ತಿಗೆ ಮೈಎಸ್‌ಕ್ಯೂಎಲ್‌ನ ಕ್ಲೈಂಟ್ ಲೈಬ್ರರಿಯನ್ನು ತನ್ನ ಜೊತೆಯಲ್ಲೇ ಹೊತ್ತು ತರುತ್ತಿತ್ತು. ಆಗ ‘ಎಕ್ಸ್‌ಟೆನ್ಷನ್ ಇಲ್ಲ’, ಅಂದರೆ ಪಿಎಚ್‌ಪಿಗೆ ಜೋಡಿಸುವ ಹೆಚ್ಚುವರಿ ಭಾಗ ಇಲ್ಲ, ಎಂಬ ದೂರು ಅಪರೂಪ. ಆ ಲೈಬ್ರರಿಯ ಪರವಾನಗಿ ಜಿಪಿಎಲ್‌ಗೆ ಬದಲಾದದ್ದು ಪಿಎಚ್‌ಪಿಯ ಪರವಾನಗಿಗೆ ಹೊಂದಲಿಲ್ಲ. 2004ರ ಐದನೆಯ ಆವೃತ್ತಿ ಅದನ್ನು ಕೈಬಿಟ್ಟಿತು. ಅದೇ ಆವೃತ್ತಿಯಲ್ಲಿ ಮೈಎಸ್‌ಕ್ಯೂಎಲ್‌ಐ ಎಂಬ ಹೊಸ ಎಕ್ಸ್‌ಟೆನ್ಷನ್ ಬಂತು, ಅದರ ಹಿಂದೆಯೇ ಪಿಡಿಒ. 2009ರ 5.3 ಆವೃತ್ತಿ ಪಿಎಚ್‌ಪಿಯದೇ ಸ್ವಂತ ಡ್ರೈವರ್ ಕೊಟ್ಟು ಪರವಾನಗಿಯ ತೊಡಕು ಬಿಡಿಸಿತು. ಮೈಎಸ್‌ಕ್ಯೂಎಲ್ ಎಂಬ ಹೆಸರಿನದೇ ಹಳೆಯ ಎಕ್ಸ್‌ಟೆನ್ಷನ್ ಬಳಸಬೇಡಿ ಎಂಬ ಎಚ್ಚರಿಕೆ 2013ರಲ್ಲಿ ಬಂತು, 2015ರ ಡಿಸೆಂಬರ್‌ನ 7.0ರಲ್ಲಿ ಅದು ಮಾಯವೇ ಆಯಿತು. ಇಲ್ಲೊಂದು ಕವಲಿದೆ. ‘ಮೈಎಸ್‌ಕ್ಯೂಎಲ್_ಕನೆಕ್ಟ್ ಎಂಬ ಫಂಕ್ಷನ್ ಇಲ್ಲ’ ಎಂದು ಹೊಸ ಸರ್ವರ್ ಹೇಳಿದರೆ ಪ್ಯಾಕೇಜ್ ಹಾಕಿ ಪ್ರಯೋಜನವಿಲ್ಲ, ಕೋಡನ್ನೇ ತಿದ್ದಬೇಕು. ‘ಮೈಎಸ್‌ಕ್ಯೂಎಲ್‌ಐ ಕ್ಲಾಸ್ ಇಲ್ಲ’ ಎಂದರೆ ಕೋಡ್ ಮುಟ್ಟುವ ಅಗತ್ಯವಿಲ್ಲ, ಪ್ಯಾಕೇಜ್ ನೋಡಬೇಕು. ಎರಡೂ ಸಂದೇಶ ಮೇಲ್ನೋಟಕ್ಕೆ ಒಂದೇ ರೀತಿ ಕಾಣುವುದರಿಂದಲೇ ಎಷ್ಟೋ ದುಡಿಮೆ ದಂಡವಾಗುತ್ತದೆ.

ಪ್ಯಾಕೇಜ್ ಹಾಕಿದರೂ ಪುಟ ತೆರೆಯದಿದ್ದರೆ ಲಿನಕ್ಸ್ ವಿತರಣೆಯ ಕಡೆ ತಿರುಗಬೇಕು. ಉಬುಂಟು 18.04ರಲ್ಲಿ ಪಿಎಚ್‌ಪಿ 7.2, 20.04ರಲ್ಲಿ 7.4, 22.04ರಲ್ಲಿ 8.1. ಒಂದು ಆವೃತ್ತಿಗೆಂದು ಕಂಪೈಲ್ ಮಾಡಿದ ಎಕ್ಸ್‌ಟೆನ್ಷನ್ ಇನ್ನೊಂದರಲ್ಲಿ ಏಳುವುದಿಲ್ಲ. ಹೊರಗಿನ ರೆಪಾಸಿಟರಿ ಸೇರಿಸಿದ ಯಂತ್ರದಲ್ಲಿ ಆವೃತ್ತಿ ಹೆಸರಿಸದೆ ಪ್ಯಾಕೇಜ್ ಹಾಕಿದರೆ ಅದು 8ರ ಸಾಲಿನದಕ್ಕೆ ಹೋಗಿ ಕೂರಬಹುದು, ಜಾಲತಾಣ ಮಾತ್ರ 7.4ರಲ್ಲೇ ಓಡುತ್ತಿರುತ್ತದೆ. ಡೆಬಿಯನ್ ಬಳಗದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ: ಟರ್ಮಿನಲ್‌ನ ಪಿಎಚ್‌ಪಿಗೆ, ಅಪಾಚೆಯದಕ್ಕೆ, ಪಿಎಚ್‌ಪಿಯನ್ನು ಪ್ರತ್ಯೇಕ ಸೇವೆಯಾಗಿ ಓಡಿಸುವ ಎಫ್‌ಪಿಎಂಗೆ ಪ್ರತ್ಯೇಕ ಸೆಟ್ಟಿಂಗ್ ಫೋಲ್ಡರುಗಳು. ಟರ್ಮಿನಲ್ ಕೊಡುವ ಎಕ್ಸ್‌ಟೆನ್ಷನ್ ಪಟ್ಟಿ ತನ್ನ ಫೋಲ್ಡರಿನದು ಮಾತ್ರ. ಜಾಲಪುಟದ ಪಾಡು ತಿಳಿಯಬೇಕಾದರೆ ಬ್ರೌಸರ್ ಮೂಲಕವೇ ಪಿಎಚ್‌ಪಿ‌ಇನ್ಫೋ ತೆರೆದು ನೋಡಿ, ಕೂಡಲೇ ಆ ಫೈಲ್ ಅಳಿಸಬೇಕು. ಎಫ್‌ಪಿಎಂ ರೀಸ್ಟಾರ್ಟ್ ಮಾಡದಿದ್ದರೆ ಸರಿಯಾದ ರಿಪೇರಿಯೂ ಕಾಣಿಸಿಕೊಳ್ಳುವುದಿಲ್ಲ.

ಡ್ರೈವರ್ ಇಲ್ಲದಿದ್ದರೆ ಪುಟ ಕೂಗಿ ಹೇಳುತ್ತದೆ. ಕನ್ನಡಕ್ಕೆ ಹೆಚ್ಚು ಕಾಟ ಕೊಡುವುದು ಸದ್ದಿಲ್ಲದೆ ಇಲ್ಲವಾಗುವ ಎಕ್ಸ್‌ಟೆನ್ಷನ್‌ಗಳು. ನುಡಿ, ಬರಹದ ಹಳೆಯ ಫಾಂಟ್‌ಗಳ ಕಾಲದಲ್ಲಿ ಕನ್ನಡ ಪಠ್ಯ ಸರ್ವರಿಗೆ ಲ್ಯಾಟಿನ್ ಅಕ್ಷರಗಳಂತೆಯೇ ಕಾಣುತ್ತಿತ್ತು. ಲ್ಯಾಟಿನ್1 ಎಂಬ ಡೀಫಾಲ್ಟ್ ಇಟ್ಟುಕೊಂಡಿದ್ದ ಮೈಎಸ್‌ಕ್ಯೂಎಲ್ ತಕರಾರಿಲ್ಲದೆ ನುಂಗುತ್ತಿತ್ತು. ಆ ಡೀಫಾಲ್ಟ್ ಬದಲಾದದ್ದು 2018ರ 8.0ರಲ್ಲಿ. ಯೂನಿಕೋಡ್ ಬಂದಮೇಲೆ ಲೆಕ್ಕ ಬೇರೆ: ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ‘ಚಿತ್ತಾಪುರ’ದಲ್ಲಿ 9 ಸಂಕೇತ, 27 ಬೈಟ್. ಬೈಟಿನ ಬದಲು ಸಂಕೇತ ಎಣಿಸುವ ಎಂಬಿಸ್ಟ್ರಿಂಗ್ ಎಕ್ಸ್‌ಟೆನ್ಷನ್ ಇಲ್ಲದೆ, ಬೈಟ್ ಎಣಿಸಿ 20ಕ್ಕೆ ಕತ್ತರಿಸುವ ಕೋಡ್ ಆ ಹೆಸರನ್ನು ಏಳನೆಯ ಸಂಕೇತದ ನಡುವೆಯೇ ತುಂಡರಿಸುತ್ತದೆ. ‘ಚಿಂಚೋಳಿ’ಯ ‘ಚೋ’ದಲ್ಲಿರುವ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಪಿಎಚ್‌ಪಿಯ ಹೋಲಿಕೆಗೆ ಎರಡು ಬೇರೆ ಊರು. ಇವನ್ನು ಒಂದುಗೂಡಿಸುವ ಕೆಲಸ ಇಂಟ್ಲ್ ಎಕ್ಸ್‌ಟೆನ್ಷನ್ನಿನದು. ಅದಿಲ್ಲದಾಗ ಆ ಹೆಜ್ಜೆಯನ್ನೇ ಹಾರಿಸಿ ಮುಂದೆ ಹೋಗುವಂತೆ ಬರೆದ ಕೋಡ್ ಇದ್ದರೆ ದೋಷವೇ ದಾಖಲಾಗದು. ಹುಡುಕಿದವರಿಗೆ ಫಲಿತಾಂಶ ಸಿಗುವುದಿಲ್ಲ, ಅಷ್ಟೇ.

ಓಡುವ ಸರ್ವರನ್ನು ಮುಟ್ಟದಿದ್ದರಾಯಿತಲ್ಲ ಎನ್ನುವವರಿದ್ದಾರೆ. ವಾಡಿಯಂಥ ಪಟ್ಟಣದಲ್ಲಿ ಸರ್ವರಿಗೆಂದೇ ಒಬ್ಬರನ್ನು ಇಟ್ಟುಕೊಳ್ಳಲಾಗದ ಸಣ್ಣ ಸಂಸ್ಥೆಯ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ. ಆದರೆ ಪಿಎಚ್‌ಪಿ 5.4 ಹೊತ್ತ ಸೆಂಟ್‌ಒಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿದಿದೆ. ಇನ್ನು ಅದಕ್ಕೆ ಭದ್ರತಾ ತಿದ್ದುಪಡಿ ಬರುವುದಿಲ್ಲ. ಕಂಟೇನರ್ ಬಂದಮೇಲೆ ಇದೆಲ್ಲ ಹಳೆಯ ಕಥೆ ಎಂಬ ವಾದ ಇನ್ನೂ ಗಟ್ಟಿ, ಆದರೂ ಅರ್ಧಸತ್ಯ: ಪಿಎಚ್‌ಪಿಯ ಅಧಿಕೃತ ಡಾಕರ್ ಇಮೇಜಿನಲ್ಲೂ ಮೈಎಸ್‌ಕ್ಯೂಎಲ್‌ಐಯನ್ನು ನಾವೇ ಸೇರಿಸಿಕೊಳ್ಳಬೇಕು. ಬದಲಾದದ್ದು ಆ ಕೆಲಸ ಲಿಖಿತವಾಗಿ ಉಳಿಯುತ್ತದೆ ಎಂಬುದಷ್ಟೇ, ಅದು ಸಣ್ಣ ಲಾಭವೇನಲ್ಲ. ಕಂಟೇನರ್ ಇಲ್ಲದವರಿಗೂ ಆ ಲಾಭವನ್ನು ಪಿಎಚ್‌ಪಿ ಲೈಬ್ರರಿಗಳನ್ನು ಹೊಂದಿಸಿಕೊಡುವ ಕಂಪೋಸರ್ ಕೊಡುತ್ತದೆ: ಬೇಕಾದ ಎಕ್ಸ್‌ಟೆನ್ಷನ್‌ಗಳನ್ನು ಯೋಜನೆಯ ಫೈಲಿನಲ್ಲಿ ಘೋಷಿಸಿದರೆ, ಇಲ್ಲದ ಯಂತ್ರದಲ್ಲಿ ಅನುಸ್ಥಾಪನೆ ಅಲ್ಲೇ ನಿಲ್ಲುತ್ತದೆ. ಆದರೆ ಆ ತಪಾಸಣೆ ನಡೆಯುವುದು ಟರ್ಮಿನಲ್‌ನ ಪಿಎಚ್‌ಪಿಯಲ್ಲಿ. ಪುಟ ತೆರೆಯುವಾಗಲೂ ತಪಾಸಣೆ ಮಾಡುವ ಸೌಲಭ್ಯ ಕಂಪೋಸರಿನ ಎರಡನೆಯ ಆವೃತ್ತಿಯಲ್ಲಿದ್ದರೂ, ಡೀಫಾಲ್ಟ್ ಆಗಿ ಅದು ನೋಡುವುದು ಪಿಎಚ್‌ಪಿಯ ಆವೃತ್ತಿಯನ್ನು ಮಾತ್ರ. ಎಕ್ಸ್‌ಟೆನ್ಷನ್‌ಗಳನ್ನೂ ನೋಡು ಎಂದು ಸೆಟ್ಟಿಂಗ್ ಬದಲಿಸಿ ನಾವೇ ಹೇಳಬೇಕು.